ಒಬಾಮಾ ಬಂದಿದ್ದರಿಂದ ಕಪ್ಪು-ಬಿಳಿ ಜನರ ನಡುವೆ ಏನಾದರೂ ಬದಲಾಯ್ತಾ? ಮಗಳು ಕೇಳ್ತಿದ್ದಾಳೆ

ದೋಸೆಅಮ್ಮ_ಒಹಾಯೊ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳದೆ ಓದಿ.

ನನ್ನ ಮಗಳಿಗೆ 12 ವರ್ಷ. ಇಲ್ಲಿ ಫೆಬ್ರವರಿಯನ್ನು ಕಪ್ಪು ಜನರ ಇತಿಹಾಸದ ತಿಂಗಳು ಅಂತ ಆಚರಿಸುತ್ತಾರಲ್ಲ, ಅದಕ್ಕೆ ಸ್ಕೂಲಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಒಬ್ಬರನ್ನು ಆರಿಸಿಕೊಂಡು, ಅವರಿಂದ ಸಮಾಜದಲ್ಲಿ ಏನು ಬದಲಾಯ್ತು ಅಂತ ಬರೆಯಬೇಕು. ಇವಳು ಒಬಾಮಾ ಅವರನ್ನು ಆರಿಸಿಕೊಂಡಳು. ಸುಲಭ ಅಂದುಕೊಂಡಿದ್ದಳು ಅನ್ಸುತ್ತೆ. ಮೂರು ದಿನ ಏನೇನೋ ಓದಿ ಅಡುಗೆಮನೆಗೆ ಬಂದು ನಿಂತಳು. "ಅಮ್ಮ, ಅವರು ಗೆದ್ದಾಗ ಜನ ಬೀದೀಲಿ ನಿಂತು ಅತ್ತರಂತೆ. ಆರು ವರ್ಷ ಆದಮೇಲೆ ಫರ್ಗುಸನ್ ಅನ್ನೋ ಊರಲ್ಲಿ ಪೊಲೀಸ್ ಒಬ್ಬ ಕಪ್ಪು ಹುಡುಗನನ್ನು ಗುಂಡಿಟ್ಟು ಕೊಂದಿದ್ದಕ್ಕೆ ಅಷ್ಟು ದೊಡ್ಡ ಗಲಾಟೆ ಆಯ್ತಂತೆ. ಹಾಗಾದ್ರೆ ಬದಲಾಗಿದ್ದೇನು?" ಅಂದಳು. ನನಗೆ ಬಾಯಿಗೆ ಏನೂ ಬರಲಿಲ್ಲ. ಈರುಳ್ಳಿ ಹೆಚ್ಚುತ್ತಾ ಇದ್ದೆ, ಹೆಚ್ಚುತ್ತಲೇ ಇದ್ದೆ.

2008ರಲ್ಲಿ ನಾನು ಮೈಸೂರಲ್ಲಿ ಓದುತ್ತಿದ್ದೆ. ನಮಗೆ ಸುದ್ದಿ ಗೊತ್ತಾಗಿದ್ದು ನವೆಂಬರ್ 5ರ ಬೆಳಿಗ್ಗೆ ಒಂಬತ್ತೂವರೆಗೆ. ಅಪ್ಪ ಆಫೀಸಿಗೆ ತಡ ಆಗುತ್ತೆ ಅಂತ ಗೊಣಗುತ್ತಲೇ ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು ಟಿವಿ ಮುಂದೆ ಕೂತುಬಿಟ್ಟಿದ್ದರು. ಆ ಖುಷಿ ನೆನಪಿದೆ. ಆದರೆ ಅದು ದೂರದವರ ಖುಷಿ.

ಇನ್ನೊಂದು ವಿಷಯ ಹೇಳಬೇಕು, ಹೇಳೋಕೆ ನಾಚಿಕೆ ಆಗುತ್ತೆ. ಮಗಳು ನಾಲ್ಕು ವರ್ಷದವಳಿದ್ದಾಗ ಊಟದ ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ಮ್ಯಾಟ್ ಒಂದು ತಂದಿದ್ದೆ. ಅದರಲ್ಲಿ ಅಮೆರಿಕದ ಅಧ್ಯಕ್ಷರ ಮುಖಗಳೆಲ್ಲ ಸಾಲಾಗಿ ಇದ್ದವು. 44 ನಂಬರು, 43 ಮುಖ, ಯಾಕಂದ್ರೆ ಕ್ಲೀವ್‌ಲ್ಯಾಂಡ್ ಎರಡು ಸಲ ಬರುತ್ತಾರೆ. ಕೊನೆಯ ಮುಖ ಒಬಾಮಾ ಅವರದ್ದು. ಇವಳು ದೋಸೆ ಚೂರನ್ನು ಒಂದೊಂದು ಮುಖದ ಮೇಲೂ ಇಡುತ್ತಾ ಹೋಗಿ, ಕೊನೆಯದರ ಮೇಲೆ ಬೆರಳಿಟ್ಟು "ಇವರೊಬ್ಬರೇ ನಮ್ಮ ಥರ ಇದ್ದಾರೆ" ಅಂದಳು. ನಾನು ತಟ್ಟನೆ "ಇಲ್ಲ ಪುಟ್ಟ, ನಾವು ಅವರ ಥರ ಅಲ್ಲ, ನಾವು ಇಂಡಿಯನ್ಸ್" ಅಂದುಬಿಟ್ಟೆ. ಅಷ್ಟು ಅವಸರ ಯಾಕಿತ್ತು ನನಗೆ?

ಅದಕ್ಕೇ ಕೇಳುತ್ತಿದ್ದೇನೆ. ಅಷ್ಟು ಎತ್ತರದ ಕುರ್ಚಿಯಲ್ಲಿ ಒಬ್ಬರು ಕೂತರೆ ಕೆಳಗೆ ಏನು ಬದಲಾಗುತ್ತೆ? ಇಲ್ಲಿ ತುಂಬಾ ವರ್ಷದಿಂದ ಇರುವವರು ಕಣ್ಣಾರೆ ಕಂಡಿದ್ದನ್ನು ಹೇಳಿ. ದಯವಿಟ್ಟು ಪಾರ್ಟಿ ಜಗಳ ಬೇಡ.

ಹಳೇ_ಷಿಕಾಗೋ

ಒಬಾಮಾ ಗೆದ್ದ ರಾತ್ರಿ ನಾನು ಅವರು ಭಾಷಣ ಮಾಡಿದ ಷಿಕಾಗೋದ ಗ್ರಾಂಟ್ ಪಾರ್ಕಿನಲ್ಲಿದ್ದೆ, ಹಾಗಾಗಿ ಮೊದಲು ನಾನೇ ಶುರು ಮಾಡುತ್ತೇನೆ.

ನವೆಂಬರ್‌ನಲ್ಲಿ ಷಿಕಾಗೋ ಅಂದರೆ ಕಿವಿ ಮರಗಟ್ಟಿಸೋ ಗಾಳಿ. ಅವತ್ತು ಮಾತ್ರ ಜರ್ಕಿನ್ ಬಿಚ್ಚಿ ಕೈಲಿ ಹಿಡಿದುಕೊಳ್ಳುವಷ್ಟು ಬೆಚ್ಚಗಿತ್ತು. ಎರಡು ಲಕ್ಷದ ಮೇಲೆ ಜನ. ಎಲ್ಲರೂ ಅತ್ತರು ಅನ್ನೋದು ನಿಜ, ನಾನೂ ಅತ್ತೆ, ಯಾಕೆ ಅಂತ ಈಗಲೂ ಸರಿಯಾಗಿ ಹೇಳೋಕೆ ಬರಲ್ಲ. ಆದರೆ ನನ್ನ ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬ ಕಪ್ಪು ಮನುಷ್ಯ ನಿಂತಿದ್ದರು, ಬಸ್ ಡ್ರೈವರ್ ಯೂನಿಫಾರ್ಮಿನಲ್ಲೇ ಬಂದಿದ್ದರು. ಅವರು ಕೂಗಲೂ ಇಲ್ಲ, ಅಳಲೂ ಇಲ್ಲ. ವೇದಿಕೆಯ ಎರಡೂ ಕಡೆ ಗುಂಡು ತೂರದಂಥ ದಪ್ಪ ಗಾಜು ನಿಲ್ಲಿಸಿದ್ದರು, ಅದನ್ನೇ ನೋಡುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು: ಆ ಗಾಜು ಸಾಲುತ್ತಾ? ನಾನು ಒಬಾಮಾ ಅವರ ಭಾಷಣ ಎಷ್ಟೋ ಮರೆತಿದ್ದೇನೆ, ಆ ಪ್ರಶ್ನೆ ಮರೆತಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಗೆದ್ದ ಹೊಸದರಲ್ಲಿ ಜನಾಭಿಪ್ರಾಯ ಸಮೀಕ್ಷೆ ಮಾಡೋ ಗ್ಯಾಲಪ್‌ನವರು ಕೇಳಿದಾಗ, ಮೂರರಲ್ಲಿ ಎರಡು ಪಾಲು ಜನ ಕಪ್ಪು-ಬಿಳಿ ಸಮಸ್ಯೆ ಮುಂದೊಂದು ದಿನ ಬಗೆಹರಿಯುತ್ತೆ ಅಂದಿದ್ದರು. 2016ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಮತ್ತು ಸಿಬಿಎಸ್ ಸೇರಿ ಕೇಳಿದಾಗ 69 ಪರ್ಸೆಂಟ್ ಜನ ಸಂಬಂಧ ಕೆಟ್ಟಿದೆ ಅಂದರು. ಡಾಲಸ್‌ನಲ್ಲಿ ಐದು ಜನ ಪೊಲೀಸರನ್ನು ಗುಂಡಿಟ್ಟು ಕೊಂದ ಬೆನ್ನಲ್ಲೇ ಕೇಳಿದ್ದು ಅದು, ಹಾಗಾಗಿ ಆ ಬಿಸಿ ಅದರಲ್ಲಿದೆ. ಆದರೂ ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಒಬಾಮಾ ಬಂದಿದ್ದರಿಂದಲೇ ಕೆಟ್ಟಿತು ಅಂತ ಹೇಳುವವರಿದ್ದಾರೆ. ನಾನು ಹಾಗೆ ಹೇಳಲ್ಲ. ಮುಚ್ಚಿಟ್ಟಿದ್ದು ಹೊರಗೆ ಬಂತು, ಅಷ್ಟೆ. 2009ರ ಜುಲೈನಲ್ಲಿ ಹಾರ್ವರ್ಡ್‌ನ ಕಪ್ಪು ಪ್ರೊಫೆಸರ್ ಹೆನ್ರಿ ಲೂಯಿಸ್ ಗೇಟ್ಸ್ ಪ್ರವಾಸದಿಂದ ವಾಪಸ್ ಬಂದರು, ಮನೆ ಬಾಗಿಲು ಕಚ್ಚಿಕೊಂಡಿತ್ತು, ತಳ್ಳಿ ತೆಗೆದರು. ಕಳ್ಳರಿರಬಹುದು ಅಂತ ಯಾರೋ ಫೋನ್ ಮಾಡಿದರು. ಪೊಲೀಸರು ಬಂದರು, ಮಾತಿಗೆ ಮಾತು ಬೆಳೆಯಿತು, ಸ್ವಂತ ಮನೆಯಲ್ಲೇ ಮನುಷ್ಯನ ಕೈಗೆ ಕೋಳ. ಪೊಲೀಸರು ದಡ್ಡತನ ಮಾಡಿದರು ಅಂತ ಒಬಾಮಾ ಒಂದು ಮಾತಂದರು. ಅಷ್ಟಕ್ಕೇ ದೇಶ ಹೊತ್ತಿಕೊಂಡಿತು. ಕೊನೆಗೆ ಆ ಪೊಲೀಸನನ್ನೂ ಪ್ರೊಫೆಸರನ್ನೂ ಶ್ವೇತಭವನಕ್ಕೆ ಕರೆದು, ತೋಟದಲ್ಲಿ ಕೂರಿಸಿ ಬಿಯರ್ ಕುಡಿಸಿ ಸಮಾಧಾನ ಮಾಡಬೇಕಾಯ್ತು. ನಮ್ಮೂರಲ್ಲಿ ಬೇಲಿ ಜಗಳಕ್ಕೆ ಪಂಚಾಯ್ತಿ ಕಟ್ಟೆ ಮೇಲೆ ಕೂರಿಸಿ ಟೀ ಕುಡಿಸುತ್ತಾರಲ್ಲ, ಹಾಗೆ. ಆಮೇಲೆ ಅವರು ಈ ವಿಷಯಕ್ಕೆ ಬಾಯಿ ಬಿಟ್ಟಾಗಲೆಲ್ಲ ಕೈಲಿ ತಕ್ಕಡಿ ಹಿಡಿದೇ ಮಾತಾಡಿದರು.

ಇನ್ನು ಬರ್ತ್ ಸರ್ಟಿಫಿಕೇಟ್ ಕಥೆ. ಒಬಾಮಾ ಅಮೆರಿಕದಲ್ಲಿ ಹುಟ್ಟಿದವರೇ ಅಲ್ಲ ಅಂತ ಕೆಲವರು ಗುಲ್ಲೆಬ್ಬಿಸಿದ್ದರು. ಹುಟ್ಟಿದ್ದು ಹೊನೊಲುಲುವಿನಲ್ಲಿ, 1961ರಲ್ಲಿ. ದೇಶದ ಅಧ್ಯಕ್ಷ, ಆದರೂ 2011ರ ಏಪ್ರಿಲ್‌ನಲ್ಲಿ ಪೂರ್ತಿ ಸರ್ಟಿಫಿಕೇಟ್ ತೆಗೆದು ಜನರ ಮುಂದೆ ಇಡಬೇಕಾಯ್ತು. ರೇಷನ್ ಕಾರ್ಡಿಗೆ ದಾಖಲೆ ಕೇಳಿದ ಹಾಗೆ ಕೇಳಿದರು. ಹಿಂದಿನ 42 ಜನರಲ್ಲಿ ಯಾರಿಗೆ ಹೀಗಾಗಿತ್ತು, ನಿಮ್ಮ ಮ್ಯಾಟ್ ನೋಡಿ ಹೇಳಿ.

ಲೆಕ್ಕ_ಪಕ್ಕಾ

ಭಾವನೆ ಎಲ್ಲ ಸರಿ ಸಾರ್, ಲೆಕ್ಕಾನೂ ಸ್ವಲ್ಪ ನೋಡೋಣ.

2010ರಲ್ಲಿ ಕಪ್ಪು ಜನರ ನಿರುದ್ಯೋಗ 16 ಪರ್ಸೆಂಟ್ ದಾಟಿತ್ತು. ಒಬಾಮಾ ಇಳಿಯುವಾಗ 8ರ ಕೆಳಗೆ ಬಂದಿತ್ತು. ದೊಡ್ಡ ಇಳಿಕೆ, ಒಪ್ಪಿಕೊಳ್ಳೋಣ. ಆದರೆ ಬಿಳಿಯರದ್ದು ಆಗಲೂ ಸುಮಾರು ಅದರ ಅರ್ಧ ಇತ್ತು, ಇಳಿಯುವಾಗಲೂ ಅರ್ಧವೇ. ನೀರು ಇಳೀತು, ಎರಡು ಪಾತ್ರೆಯಲ್ಲೂ ಇಳೀತು. ಒಬ್ಬರಿಗೆ ಒಂದು ಇನ್ನೊಬ್ಬರಿಗೆ ಎರಡು ಅನ್ನೋ ಅನುಪಾತ ಮಾತ್ರ ಅಲ್ಲಾಡಲಿಲ್ಲ.

ನನ್ನ ಪ್ರಕಾರ ಅವರ ನಿಜವಾದ ಕೆಲಸ ಯಾರೂ ಫೋಟೋ ಹಾಕಿ ಮಾತಾಡದ ಕಡೆ ಇದೆ. ಕೊಕೇನ್‌ನಲ್ಲಿ ಎರಡು ಥರ, ಪುಡಿ ಮತ್ತು ಕ್ರ್ಯಾಕ್ ಅನ್ನೋ ಗಟ್ಟಿ. ಸರಕು ಒಂದೇ. ಆದರೆ ಕ್ರ್ಯಾಕ್ ಐದು ಗ್ರಾಂ ಸಿಕ್ಕರೆ ಬೀಳುತ್ತಿದ್ದ ಶಿಕ್ಷೆ, ಪುಡಿಗೆ ಬೀಳಬೇಕಾದರೆ ಐನೂರು ಗ್ರಾಂ ಸಿಗಬೇಕಿತ್ತು. ಕ್ರ್ಯಾಕ್ ಕೇಸುಗಳಲ್ಲಿ ಒಳಗೆ ಹೋಗುತ್ತಿದ್ದವರು ಬಹುಪಾಲು ಕಪ್ಪು ಹುಡುಗರು. 2010ರ ಆಗಸ್ಟ್‌ನಲ್ಲಿ ಒಬಾಮಾ ಸಹಿ ಹಾಕಿದ ಕಾನೂನು ಈ ನೂರಕ್ಕೊಂದನ್ನು ಹದಿನೆಂಟಕ್ಕೊಂದು ಮಾಡಿತು. ಒಂದಕ್ಕೊಂದು ಮಾಡೋಕೆ ಆಗಲಿಲ್ಲ, ರಾಜಿ. ಎಂಟು ವರ್ಷದಲ್ಲಿ 1,715 ಜನರ ಶಿಕ್ಷೆ ಕಡಿಮೆ ಮಾಡಿದರು, ಅದರಲ್ಲಿ ಹೆಚ್ಚಿನವು ಡ್ರಗ್ಸ್ ಕೇಸುಗಳೇ. ಒಬ್ಬ ಅಪ್ಪ ಹತ್ತು ವರ್ಷ ಮುಂಚೆ ಮನೆಗೆ ಬಂದರೆ ಆ ಮನೆಯ ಮಗುವಿಗೆ ರೋಲ್ ಮಾಡೆಲ್ ಯಾರು, ಟಿವಿಯಲ್ಲಿ ಬರೋರಾ?

ಹಾಗಂತ ಪೂಜೆ ಮಾಡಬೇಡಿ. ದಾಖಲೆ ಇಲ್ಲದ ವಲಸಿಗರನ್ನು ಅವರ ಕಾಲದಲ್ಲಿ ಎಷ್ಟು ಜನರನ್ನು ವಾಪಸ್ ಕಳಿಸಿದರು ಅಂದರೆ, ಅವರ ಪರ ಇದ್ದವರೇ ಗಡೀಪಾರಿನ ದಳಪತಿ ಅನ್ನೋ ಥರ ಹೆಸರಿಟ್ಟಿದ್ದರು. ಮಗಳ ಪ್ರಾಜೆಕ್ಟಿನಲ್ಲಿ ಅದೂ ಒಂದು ಸಾಲು ಇರಲಿ.

ಸುಮ್ನೆ_ಓದುಗ

ನಮಗ್ಯಾಕೆ ರೀ ಅವರ ಗಲಾಟೆ. ನಾವು ಕೆಲಸಕ್ಕೆ ಬಂದವರು, ಓದಿ ವೀಸಾ ತಗೊಂಡು ಬಂದಿದ್ದೀವಿ. ಅವರದ್ದು ಅವರ ಚರಿತ್ರೆ. ಮಗುಗೆ ಗಣಿತ ಹೇಳಿಕೊಡಿ.

ಅಟ್ಲಾಂಟಾ_ಅತ್ತೆ

@ಸುಮ್ನೆ_ಓದುಗ, ನೀನು ಬಂದ ಬಾಗಿಲು ತೆಗೆದಿದ್ದು ಯಾರು ಅಂತ ಗೊತ್ತೇನಪ್ಪ? 1965ಕ್ಕೆ ಮುಂಚೆ ಇಂಡಿಯಾದವರಿಗೆ ಇಲ್ಲಿ ವರ್ಷಕ್ಕೆ ನೂರೋ ಚಿಲ್ಲರೆಯೋ ಜಾಗ ಇತ್ತು. ಕಪ್ಪು ಜನ ಬೀದಿಯಲ್ಲಿ ನಾಯಿ ಕೈಲಿ ಕಚ್ಚಿಸಿಕೊಂಡು, ನೀರಿನ ಪೈಪಿನ ಹೊಡೆತ ತಿಂದು 1964ರಲ್ಲಿ ನಾಗರಿಕ ಹಕ್ಕಿನ ಕಾನೂನು ತಂದರಲ್ಲ, ಅದೇ ಗಾಳಿಯಲ್ಲಿ ಮಾರನೇ ವರ್ಷ ವಲಸೆ ಕಾನೂನೂ ಬದಲಾಯ್ತು. ನನ್ನ ಯಜಮಾನರು 1979ರಲ್ಲಿ ದಾವಣಗೆರೆಯಿಂದ ಬಂದರು. ಅವರೂ ನಿನ್ನ ಥರಾನೇ ಹೇಳುತ್ತಿದ್ದರು, ನಾವು ಓದಿ ಬಂದವರು ಅಂತ.

ಅಲಬಾಮಾದ ಮ್ಯಾಡಿಸನ್ ಅನ್ನೋ ಊರು ನಮ್ಮ ಮನೆಯಿಂದ ನಾಲ್ಕು ಗಂಟೆ ದಾರಿ. 2015ರ ಫೆಬ್ರವರಿಯಲ್ಲಿ ಗುಜರಾತಿನಿಂದ ಒಬ್ಬ ಅಜ್ಜ ಮಗನ ಮನೆಗೆ ಬಂದಿದ್ದರು, ಮೊಮ್ಮಗು ನೋಡಿಕೊಳ್ಳೋಕೆ. 57 ವರ್ಷ. ಬೆಳಿಗ್ಗೆ ವಾಕಿಂಗ್ ಹೊರಟರು. ಯಾರೋ ಕಿಟಕಿಯಿಂದ ನೋಡಿ ಪೊಲೀಸಿಗೆ ಫೋನ್ ಮಾಡಿ, ಒಬ್ಬ ಸಣಕಲು ಕಪ್ಪು ಮನುಷ್ಯ ಓಡಾಡುತ್ತಿದ್ದಾನೆ ಅಂದರು. ಪೊಲೀಸರು ಬಂದು ಕೇಳಿದರೆ ಇವರಿಗೆ ಇಂಗ್ಲಿಷ್ ಬರಲ್ಲ. ಕೈ ಹಿಂದಕ್ಕೆ ತಿರುಚಿ ನೆಲಕ್ಕೆ ಬಡಿದರು. ಕುತ್ತಿಗೆಗೆ ಪೆಟ್ಟಾಗಿ ಕೈಕಾಲು ಸ್ವಾಧೀನ ತಪ್ಪಿತು. ಕೇಸು ಎರಡು ಸಲ ನಡೆದರೂ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ, ಕೊನೆಗೆ ಆ ಪೊಲೀಸನನ್ನು ಬಿಟ್ಟುಬಿಟ್ಟರು. ಆಗ ಶ್ವೇತಭವನದಲ್ಲಿ ಇದ್ದಿದ್ದು ಒಬಾಮಾ ಅವರೇ.

ಆ ವಿಡಿಯೋ ನೋಡಿದ ದಿನ ನಮ್ಮ ಯಜಮಾನರು ಊಟ ಮಾಡಲಿಲ್ಲ. ನಮ್ಮ ಮಾವನವರಿದ್ದಾಗ ಪಂಚೆ ಉಟ್ಟುಕೊಂಡೇ ಇಲ್ಲಿ ವಾಕಿಂಗ್ ಹೋಗುತ್ತಿದ್ದರು.

ದೋಸೆಅಮ್ಮ, ನೀನು ಅವತ್ತು ಮಗುಗೆ ಹಾಗಂದಿದ್ದಕ್ಕೆ ಜಾಸ್ತಿ ಕೊರಗಬೇಡ ಕಣಮ್ಮ, ನಾವೆಲ್ಲ ಅಂದಿದ್ದೀವಿ. ಆದರೆ ಆ ಮಗು ಹೇಳಿದ್ದು ತಪ್ಪಾಗಿರಲಿಲ್ಲ. ಆ ಫೋನ್ ಮಾಡಿದವನ ಕಣ್ಣಿಗೂ ನಾವು ಹಾಗೇ ಕಂಡಿದ್ದು.

ಇನ್ನೊಂದು ಮಾತು. ಅದೇ ವರ್ಷ ಜೂನ್‌ನಲ್ಲಿ ಸೌತ್ ಕ್ಯಾರೊಲಿನಾದ ಚಾರ್ಲ್‌ಸ್ಟನ್ ಚರ್ಚಿನಲ್ಲಿ ಪ್ರಾರ್ಥನೆಗೆ ಕೂತಿದ್ದ ಒಂಬತ್ತು ಜನ ಕಪ್ಪು ಭಕ್ತರನ್ನು ಒಬ್ಬ ಬಿಳಿ ಹುಡುಗ ಕೊಂದ. ಸತ್ತವರಲ್ಲಿ ಒಬ್ಬರಾದ ಪಾದ್ರಿಯ ಅಂತ್ಯಕ್ರಿಯೆಯಲ್ಲಿ ಒಬಾಮಾ ಭಾಷಣದ ಮಧ್ಯೆ ಸುಮ್ಮನೆ ನಿಂತುಬಿಟ್ಟರು, ಎಷ್ಟೋ ಹೊತ್ತು. ಆಮೇಲೆ ಹಳೇ ಭಕ್ತಿಗೀತೆ ಒಂದನ್ನು ತಾವೇ ಎತ್ತಿಕೊಂಡರು. ಶ್ರುತಿ ಅಷ್ಟಕ್ಕಷ್ಟೇ. ಹಿಂದೆ ಕೂತಿದ್ದ ಬಿಷಪ್ಪರೆಲ್ಲ ಎದ್ದು ದನಿ ಸೇರಿಸಿದರು. ಎರಡು ವಾರಕ್ಕೆ ಆ ರಾಜ್ಯದ ಶಾಸನಸಭೆ ಮುಂದೆ ಹಾರುತ್ತಿದ್ದ, ಗುಲಾಮಗಿರಿ ಉಳಿಸೋಕೆ ಯುದ್ಧ ಮಾಡಿದವರ ಬಾವುಟ ಕೆಳಗಿಳಿಯಿತು. ಇಳಿಸೋ ಕಾನೂನಿಗೆ ಸಹಿ ಹಾಕಿದ್ದು ಒಬಾಮಾ ಅಲ್ಲ, ಎದುರು ಪಕ್ಷದ ಗವರ್ನರ್ ನಿಕ್ಕಿ ಹೇಲಿ. ಪಂಜಾಬಿ ಮನೆಯ ಹುಡುಗಿ.

ಪರೀಕ್ಷೆ_ಟೀಚರ್

ಸೈಕಾಲಜಿ ಓದಿದವಳಾದ್ದರಿಂದ ಸಣ್ಣದಾಗಿ ಒಂದು ವಿಷಯ ಸೇರಿಸುತ್ತೇನೆ. ರೋಲ್ ಮಾಡೆಲ್ ಅನ್ನೋದನ್ನು ಅಳೆಯೋಕೂ ಜನ ಪ್ರಯತ್ನಪಟ್ಟಿದ್ದಾರೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚುನಾವಣೆ ಕಾಲದಲ್ಲಿ ಬೇರೆ ಬೇರೆ ಹೊತ್ತಿಗೆ ಕಪ್ಪು ಮತ್ತು ಬಿಳಿ ಜನರಿಗೆ ಒಂದು ಭಾಷಾ ಪರೀಕ್ಷೆ ಕೊಟ್ಟರು. ಒಬಾಮಾ ಗೆದ್ದ ಹೊಸದರಲ್ಲಿ ಇಬ್ಬರ ಅಂಕಗಳ ಅಂತರ ತುಂಬಾ ಕಡಿಮೆಯಾಗಿತ್ತು. ಪೇಪರಿನವರು ಕುಣಿದಾಡಿದರು. ಅದೇ ವರ್ಷ ಇನ್ನೊಂದು ತಂಡ ಕಾಲೇಜು ಹುಡುಗರಿಗೆ ಒಬಾಮಾ ಬಗ್ಗೆ ಯೋಚಿಸಿ ಅಂತ ಹೇಳಿ ಪರೀಕ್ಷೆ ಕೊಟ್ಟಿತು, ಯಾವ ವ್ಯತ್ಯಾಸವೂ ಕಾಣಲಿಲ್ಲ. ಅದನ್ನು ಅಷ್ಟು ಜನ ಓದಲಿಲ್ಲ.

ನನಗೆ ಜಾಸ್ತಿ ಗಟ್ಟಿ ಅನಿಸಿದ್ದು ನಮ್ಮ ದೇಶದ್ದೇ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ 495 ಹಳ್ಳಿಗಳಲ್ಲಿ ನೋಡಿದ್ದು, 2012ರಲ್ಲಿ ಬಂತು. ಪ್ರಧಾನ್, ಅಂದರೆ ಪಂಚಾಯ್ತಿ ಅಧ್ಯಕ್ಷರ ಸ್ಥಾನ ಎರಡು ಅವಧಿ ಹೆಂಗಸರಿಗೆ ಮೀಸಲಾಗಿದ್ದ ಹಳ್ಳಿಗಳಲ್ಲಿ ಹುಡುಗಿಯರ ಓದು ಹುಡುಗರ ಸಮಕ್ಕೆ ಬಂದಿತ್ತು. ಒಂದೇ ಅವಧಿ ಸಾಲಲಿಲ್ಲ, ಗಮನಿಸಿ. ಆಮೇಲೆ, ಆ ಪ್ರಧಾನ್ ದಿನಾ ಅದೇ ಬಾವಿಕಟ್ಟೆ ಹತ್ತಿರ ಓಡಾಡೋ ಹೆಂಗಸು. ಟಿವಿಯಲ್ಲಿ ಬರೋ ಮನುಷ್ಯನಿಗೂ ಅವಳಿಗೂ ವ್ಯತ್ಯಾಸ ಇದೆ ಅಲ್ವಾ.

ಯಲ್ಲಾಪುರದವ

ಇಲ್ಲಿ ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನು ಅಮೆರಿಕ ನೋಡಿಲ್ಲ, ಗೋವಾ ದಾಟಿ ಹೋಗಿಲ್ಲ. ಆದರೆ ಒಬಾಮಾ ಗೆದ್ದಿದ್ದು ನನ್ನ ಮೇಲೆ ಬಿದ್ದಿತು, ಹಾಗಾಗಿ ಹೇಳುತ್ತೇನೆ.

ನಾನು ಸಿದ್ದಿ. ಉತ್ತರ ಕನ್ನಡದ ಯಲ್ಲಾಪುರದ ಹತ್ತಿರ ಕಾಡೊಳಗಿನ ಊರು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರು ನಾವು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಶಾಲೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಮೊದಲು ಕರಿಯ ಅನ್ನುತ್ತಿದ್ದರು. ಹೈಸ್ಕೂಲಿಗೆ ಬಂದ ಮೇಲೆ ಲಾರಾ. ಲಾರಾ ಅಂದ ಮೇಲೆ ಕ್ರಿಕೆಟ್ ಬರಲೇಬೇಕಲ್ಲ! ನನಗೆ ಬ್ಯಾಟ್ ಹಿಡಿಯೋಕೆ ಬರುತ್ತಿರಲಿಲ್ಲ. ಔಟಾದರೆ ಎಲ್ಲರಿಗೂ ಸಿಟ್ಟು, ಏನೋ ಇವನು, ನೋಡೋಕೆ ಹಾಗಿದ್ದಾನೆ ಆಡೋಕೆ ಬರಲ್ಲ ಅಂತ. ನಮ್ಮವರು ಅಂದರೆ ಓಡಬೇಕು, ನೆಗೆಯಬೇಕು. ಎಂಬತ್ತರ ದಶಕದಲ್ಲಿ ಸರ್ಕಾರದವರೂ ಹಾಗೇ ಅಂದುಕೊಂಡು ನಮ್ಮ ಮಕ್ಕಳನ್ನು ಕ್ರೀಡಾ ತರಬೇತಿಗೆ ಕರೆದುಕೊಂಡು ಹೋಗಿ, ಕೆಲವು ವರ್ಷಕ್ಕೆ ಆ ಯೋಜನೆ ನಿಲ್ಲಿಸಿ ವಾಪಸ್ ಕಳಿಸಿದ್ದರು. ನಮ್ಮ ಚಿಕ್ಕಪ್ಪನ ಕಾಲದ ಮಾತು.

2008ರಲ್ಲಿ ನಾನು ಪಿಯುಸಿ, ಹಾಸ್ಟೆಲಲ್ಲಿದ್ದೆ. ನವೆಂಬರ್ 6ರ ಪೇಪರಿನಲ್ಲಿ ಮುಖಪುಟದ ತುಂಬಾ ಫೋಟೋ. ಆ ಮಧ್ಯಾಹ್ನ ಊಟಕ್ಕೆ ತಟ್ಟೆ ಹಿಡಿದು ನಿಂತಿದ್ದೆ, ಅಡುಗೆಯವರು ಸೌಟು ಎತ್ತಿ "ಏ ಒಬಾಮಾ, ಇನ್ನೊಂದು ಸೌಟು ಸಾರು ಹಾಕ್ಲಾ?" ಅಂದರು. ಇಡೀ ಹಾಲ್ ನಕ್ಕಿತು. ಅವತ್ತಿನಿಂದ ಲಾರಾ ಹೋಯಿತು, ಒಬಾಮಾ ಬಂತು. ಅಣಕವೇ, ಪ್ರೀತಿಯ ಅಣಕ ಅಂತಾನೂ ಹೇಳಲ್ಲ. ಆದರೆ ಒಂದು ಆಯ್ತು. ಜನವರಿಯಲ್ಲಿ ಭಾಷಣ ಸ್ಪರ್ಧೆ ಬಂದಾಗ ಹುಡುಗರು ನನ್ನನ್ನು ಕೇಳದೆಯೇ ನನ್ನ ಹೆಸರು ಬರೆಸಿದರು. ಒಬಾಮಾ ಅಂದಮೇಲೆ ಮಾತಾಡಬೇಕು ಅಂತ. ಲಾರಾ ಆಗಿದ್ದಾಗ ಯಾರೂ ನನ್ನನ್ನು ಮೈಕಿನ ಮುಂದೆ ನಿಲ್ಲಿಸಿರಲಿಲ್ಲ. ಕಾಲು ನಡುಗುತ್ತಿತ್ತು, ಆದರೂ ಎರಡನೇ ಬಹುಮಾನ ಬಂತು, ಒಂದು ಸ್ಟೀಲ್ ಡಬ್ಬಿ. ಅವ್ವ ಈಗಲೂ ಅದರಲ್ಲಿ ಬೆಲ್ಲ ಇಡುತ್ತಾಳೆ.

ಇನ್ನೊಂದು ಕಡೆಯದ್ದೂ ಹೇಳಬೇಕು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನ್ ಹುಡುಗನ ಕಾರು ಹರಿದು ಒಬ್ಬ ಹೆಂಗಸು ತೀರಿಕೊಂಡರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ಹುಡುಗಿಯನ್ನು, ಅವಳಿಗೂ ಇದಕ್ಕೂ ಸಂಬಂಧವೇ ಇಲ್ಲ, ಜನ ಕಾರಿಂದ ಎಳೆದು ಹೊಡೆದರು, ಬಟ್ಟೆ ಹರಿದರು. ಆಗ ನನ್ನ ತಮ್ಮ ಪೀಣ್ಯದಲ್ಲಿ ಕೆಲಸಕ್ಕಿದ್ದ. ಅವ್ವ ಊರಿಂದ ಫೋನ್ ಮಾಡಿ, ಒಂದು ವಾರ ರೂಮು ಬಿಟ್ಟು ಹೊರಗೆ ಹೋಗಬೇಡ, ಹೋದರೂ ಜೋರಾಗಿ ಕನ್ನಡ ಮಾತಾಡುತ್ತಾ ನಡಿ ಅಂದಳು. ಒಬ್ಬನೇ ಹೋಗುವಾಗ ಯಾರ ಜೊತೆ ಮಾತಾಡಲಿ ಅಂತ ಅವನು ಕೇಳಿದ. ಫೋನ್ ಕಿವಿಗಿಟ್ಟುಕೊಂಡು ಸುಮ್ಮನೆ ಮಾತಾಡು ಅಂದಳು. ಹಾಗೇ ಮಾಡಿದ ಅವನು. ಆ ಅಲಬಾಮಾ ಅಜ್ಜನ ವಿಷಯ ಓದಿದಾಗ ಇದು ನೆನಪಾಯಿತು.

2020ರಲ್ಲಿ ನಮ್ಮವರೇ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ವಿಧಾನಸೌಧದಲ್ಲಿ ಕೂತ ಮೊದಲ ಸಿದ್ದಿ. ಪಕ್ಷದ ಮಾತು ಬಿಡಿ, ಟೀವಿಯಲ್ಲಿ ಅವರು ಪ್ರಮಾಣ ಮಾಡೋದನ್ನು ನೋಡುವಾಗ ನಮ್ಮ ಕೇರಿಯಲ್ಲಿ ಯಾರೂ ಮಾತಾಡಲಿಲ್ಲ.

ದೋಸೆಅಮ್ಮ_ಒಹಾಯೊ

ಎಲ್ಲರಿಗೂ ಥ್ಯಾಂಕ್ಸ್, ಅತ್ತೆಗೆ ವಿಶೇಷವಾಗಿ. ಯಲ್ಲಾಪುರದವರು ಬರೆದಿದ್ದನ್ನು ಮಗಳಿಗೆ ಓದಿ ಹೇಳಿದೆ, ಅವಳಿಗೆ ಕನ್ನಡ ಓದೋಕೆ ಬರಲ್ಲ, ಕೇಳಿದರೆ ಅರ್ಥ ಆಗುತ್ತೆ. ಸಾರಿನ ಕಡೆ ನಕ್ಕಳು, ಫೋನಿನ ಕಡೆ ಸುಮ್ಮನಾದಳು.

ಪ್ರಾಜೆಕ್ಟಿನ ಮೊದಲ ಹಾಳೆಗೆ ಅವಳು ಆರಿಸಿಕೊಂಡಿರೋ ಫೋಟೋ ಎಷ್ಟೋ ಜನ ನೋಡಿರುತ್ತೀರಿ. 2009ರಲ್ಲಿ ಶ್ವೇತಭವನದ ಫೋಟೋಗ್ರಾಫರ್ ಪೀಟ್ ಸೌಜಾ ತೆಗೆದಿದ್ದು. ಐದು ವರ್ಷದ ಕಪ್ಪು ಹುಡುಗ ಅಪ್ಪ-ಅಮ್ಮನ ಜೊತೆ ಅಧ್ಯಕ್ಷರ ಕೋಣೆಗೆ ಬಂದಿದ್ದಾನೆ. ನಿಮ್ಮ ಕೂದಲು ನನ್ನ ಕೂದಲಿನ ಹಾಗೇ ಇದೆಯಾ ಅಂತ ಪಿಸುಗುಟ್ಟುತ್ತಾನೆ. ಒಬಾಮಾ ಸೊಂಟ ಬಗ್ಗಿಸಿ ತಲೆ ಕೊಡುತ್ತಾರೆ, ಮುಟ್ಟಿ ನೋಡು ಅಂತ. ಶ್ವೇತಭವನದ ಗೋಡೆಯಲ್ಲಿ ಬೇರೆ ಫೋಟೋಗಳು ಬದಲಾಗುತ್ತಿದ್ದರೂ ಅದೊಂದು ವರ್ಷಗಟ್ಟಲೆ ಅಲ್ಲೇ ಇತ್ತಂತೆ. ಅದರ ಕೆಳಗೆ ಲೆಕ್ಕ_ಪಕ್ಕಾ ಅವರು ಹೇಳಿದ ನಿರುದ್ಯೋಗದ ಗ್ರಾಫ್ ಅಂಟಿಸಿದ್ದಾಳೆ, ಎರಡು ಗೆರೆ, ಮಧ್ಯದ ಜಾಗಕ್ಕೆ ಬಣ್ಣ ಹಾಕಿಲ್ಲ. ಟೀಚರ್ ಏನನ್ನುತ್ತಾರೋ ನೋಡೋಣ.

@ಯಲ್ಲಾಪುರದವ, ಅವಳದ್ದೊಂದು ಪ್ರಶ್ನೆ ಇದೆ ಅಣ್ಣ. ಈಗ ನಿಮ್ಮನ್ನು ಏನಂತ ಕರೆಯುತ್ತಾರೆ?

ಯಲ್ಲಾಪುರದವ

ಪುಟ್ಟಿಗೆ ಹೇಳಿ ಅಕ್ಕ, ಈಗ ನಾನು ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರು. ಮಕ್ಕಳು ಸರ್ ಅನ್ನುತ್ತಾರೆ. ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದರೆ ಮಾತ್ರ ಆಟೋದವರು ಇನ್ನೂ ಇಂಗ್ಲಿಷಲ್ಲೇ ರೇಟು ಹೇಳುತ್ತಾರೆ, ಅದೂ ಡಬಲ್. ಮೀಟರ್ ಹಾಕಿ ಸ್ವಾಮಿ ಅಂದರೆ ಗಾಡಿ ಆಫ್ ಮಾಡಿ ನನ್ನ ಮುಖಾನೇ ನೋಡುತ್ತಾ ಕೂರುತ್ತಾರೆ.